ಕುಂಬಾರರ ಮನೆಯ ಈಜುಗನ್ನಡಕ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ಖಾನಾಪುರದ ನಮ್ಮ ದೊಡ್ಡಪ್ಪ. ನಾನು ಇಂಜಿನಿಯರಿಂಗ್ ಸೇರಿದಾಗಲೂ ಅವರು ಇದನ್ನೇ ಹೇಳಿದ್ದರು. ಆಗ ಅವರ ಮಾತು ಸುಳ್ಳಾಯಿತು. ಒಮ್ಮೆ ಸುಳ್ಳಾದವರ ಮಾತನ್ನು ಮತ್ತೆ ಯಾರು ಕೇಳುತ್ತಾರೆ? ನಮ್ಮದು ಗಡಿಗೆ ಮಾಡುವ ಮನೆತನ. ಅದರಲ್ಲಿ ಪದವಿಯ ಮುಖ ಕಂಡವಳು ನಾನೊಬ್ಬಳೇ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಮಹಾಂತೇಶ ನಗರದ ನನ್ನ ಬಾಡಿಗೆ ಮನೆಯಲ್ಲಿ, ಬಂದವರಿಗೆ ದೇವರಿಗಿಂತ ಮೊದಲು ಕಾಣುವಂತೆ ತೂಗುಹಾಕಿದ್ದೇನೆ. ಇಷ್ಟು ಜಂಬ ಒಳ್ಳೆಯದಲ್ಲವೆಂದು ಈಗ ಗೊತ್ತಾಗಿದೆ. ಈಗ ಗೊತ್ತಾಗಿ ಏನು ಉಪಯೋಗ?

ಪಕ್ಕದ ಮನೆಯ ತ್ರಿಶಲಾ ಒಂಬತ್ತನೇ ತರಗತಿಯ ಹುಡುಗಿ, ಮೀನಿನಂತೆ ಈಜುತ್ತಾಳೆ. ಆದರೆ ಅಂಗಡಿಯ ಯಾವ ಕನ್ನಡಕವೂ ಅವಳ ಮುಖಕ್ಕೆ ಕೂಡುವುದಿಲ್ಲ. "ಜಿಗದ ಕೂಡ್ಲೇ ನೀರು ತುಂಬತೈತ್ರೀ ಅಕ್ಕಾರ, ಎದುರಿನ ಗ್ವಾಡಿ ಕಾಣಂಗಿಲ್ಲ. ಈ ಸಲ ಗೆದ್ರ ರಾಜ್ಯಮಟ್ಟ, ಇಲ್ಲಂದ್ರ ಅಪ್ಪಾ ಈಜೋದ ಬಿಡಸ್ತಾರ" ಎಂದಳು. ನಾನು ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವವಳು. ಈಜು ಬರುವುದಿಲ್ಲ, ಮೊಣಕಾಲಿನವರೆಗಿನ ನೀರೇ ನನಗೆ ಸಮುದ್ರ. ಆದರೂ ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿಕೊಂಡು, "ನಿನ್ನ ಕಣ್ಣಿನ ಅಳತಿಗೇ ಮಾಡಿಕೊಡ್ತೀನಿ" ಎಂದುಬಿಟ್ಟೆ.

ಅಳತೆಗೆ ನನಗೆ ಹೊಳೆದದ್ದು ಮಣ್ಣು. ಫೋನಿನಲ್ಲಿ ಕೇಳಿದ್ದಕ್ಕೆ ದೊಡ್ಡಪ್ಪ, "ನೀರು ಹೊರಗ ಹೋಗಲಾರದಂಗ ಮಾಡೋದು ನಮ್ಮ ಕಸುಬು, ಯವ್ವಾ. ಒಳಗ ಬರಲಾರದಂಗ ಮಾಡೋದು ನಮ್ಮ ಕಡಿಂದ ಆಗಂಗಿಲ್ಲ" ಎಂದರು. ಆದರೂ ಒಂದು ಮುದ್ದೆ ಹಸಿಮಣ್ಣು ಕಳಿಸಿದರು. ಕಣ್ಣು ಮುಚ್ಚಿ ಕುಳಿತ ತ್ರಿಶಲಾಳ ಮುಖಕ್ಕೆ ಅದನ್ನು ಒತ್ತುವಾಗ ಅವಳ ತಾಯಿ, "ಸಾವಕಾಶ್ರೀ, ಕಣ್ಣು ಇರೋದು ಒಂದ ಜೋಡಿ" ಎನ್ನುತ್ತಲೇ ಇದ್ದರು. ಆ ಅಚ್ಚನ್ನು ಎಂಟು ದಿನ ಬಿಸಿಲಿಗಿಟ್ಟು, ಗಟ್ಟಿಯಾದ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಅಳೆದೆ. ಕಣ್ಣಿನ ಸುತ್ತ ಕೂರುವ ರಬ್ಬರು ಆರಿದಾಗ ಕುಗ್ಗುತ್ತದೆಂದು ಅದಕ್ಕೂ ಲೆಕ್ಕ ಹಾಕಿ ಹೆಚ್ಚಿಗೆ ಬಿಟ್ಟೆ. ಕಾಲೇಜಿನಲ್ಲಿ ಕಲಿತದ್ದು ಸುಮ್ಮನೆ ಹೋಗುತ್ತದೆಯೇ!

ಕಾರ್ಖಾನೆಯ ಯಂತ್ರ ನನಗೆ ಸಿಕ್ಕಿದ್ದು ಸ್ಪರ್ಧೆಯ ಹಿಂದಿನ ದಿನ. ಕೊಳದಲ್ಲಿ ಪರೀಕ್ಷಿಸಲು ಹೊತ್ತಿರಲಿಲ್ಲ; ತ್ರಿಶಲಾ ನಮ್ಮ ಬಚ್ಚಲಿನ ಬಕೆಟ್ಟಿನಲ್ಲಿ ಮುಖ ಮುಳುಗಿಸಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. "ಭಾಳ ಬಿಗಿ ಆತ್ರೀ ಅಕ್ಕಾರ" ಎಂದಳು. "ಬಿಗಿ ಇದ್ದರನ ನೀರು ಬರಂಗಿಲ್ಲ" ಎಂದೆ, ಪದವೀಧರೆಯ ದನಿಯಲ್ಲಿ.

ಮರುದಿನ ದೊಡ್ಡಪ್ಪ ಮೊದಲ ರೈಲಿಗೇ ಬಂದು ಕೊಳದ ಕಟ್ಟೆಯ ಮೇಲೆ ನನ್ನ ಬಾಜೂಕ್ಕೆ ಕುಳಿತರು. ಸೀಟಿ ಊದಿದರು, ತ್ರಿಶಲಾ ಜಿಗಿದಳು. ನೀರಿನಿಂದ ಮೇಲೆದ್ದಾಗ ಕನ್ನಡಕ ಅವಳ ಕೊರಳಲ್ಲಿತ್ತು. ಕಣ್ಣು ಬಿಗಿಮುಚ್ಚಿ ಈಜಿದ ಹುಡುಗಿ ಎರಡು ಸಲ ಸಾಲು ಬೇರ್ಪಡಿಸುವ ಹಗ್ಗಕ್ಕೆ ಡಿಕ್ಕಿ ಹೊಡೆದು, ಎಲ್ಲರ ಕೊನೆಗೆ ಗೋಡೆ ಮುಟ್ಟಿದಳು. ನನಗೆ ಆ ಮೊಣಕಾಲು ನೀರಿನಲ್ಲೇ ಮುಳುಗಿಬಿಡೋಣ ಅನ್ನಿಸಿತು.

ನನ್ನ ಚೀಲದಲ್ಲಿದ್ದ ಮಣ್ಣಿನ ಅಚ್ಚನ್ನು ದೊಡ್ಡಪ್ಪ ತೆಗೆದು ತಿರುಗಿಸಿ ನೋಡಿದರು. "ಹಸಿ ಇದ್ದಾಗ ಅಳದಿಯೋ, ಒಣಗಿದ ಮ್ಯಾಲೋ?"

"ಒಣಗಿದ ಮ್ಯಾಲ."

ಅವರು ಅಚ್ಚನ್ನು ನನ್ನ ಮಡಿಲಿಗಿಟ್ಟರು. ಒಣಗಿದ ಮಣ್ಣು ಕುಗ್ಗುತ್ತದೆ, ಅದಕ್ಕೇ ಬೇಕಾದದ್ದಕ್ಕಿಂತ ದೊಡ್ಡ ಗಡಿಗೆ ತಿರುವಬೇಕು ಎನ್ನುವುದನ್ನು ನಮ್ಮ ಮನೆಯ ಮಕ್ಕಳು ಹಾಲಿನ ಹಲ್ಲು ಬೀಳುವ ಮೊದಲೇ ಕಲಿಯುತ್ತಾರೆ. ರಬ್ಬರು ಕುಗ್ಗುವುದು ನೆನಪಿದ್ದ ನಾನು ಮಣ್ಣು ಕುಗ್ಗುವುದನ್ನು ಮರೆತಿದ್ದೆ. ಅವಳ ಮುಖಕ್ಕಿಂತ ಸಣ್ಣದಾದ ಕನ್ನಡಕ ಬಕೆಟ್ಟಿನಲ್ಲಿ ಹೇಗೋ ಕೂತಿತ್ತು, ಜಿಗಿತದ ರಭಸಕ್ಕೆ ಕಿತ್ತುಬಂದಿತ್ತು.

ಅಷ್ಟರಲ್ಲಿ ಕೆಂಪು ಕಣ್ಣಿನ ತ್ರಿಶಲಾ ಬಂದಳು. ಭಾಗವಹಿಸಿದವರಿಗೆಲ್ಲ ಕೊಡುವ ಪ್ರಮಾಣಪತ್ರ ಅವಳ ಕೈಯಲ್ಲಿತ್ತು. "ಇದನ್ನ ಮನೀಗಿ ಒಯ್ದು ಅಪ್ಪಾಗ ಏನಂತ ತೋರಸ್ಲಿ? ನೀವ ಇಟ್ಕೋರಿ ಅಕ್ಕಾರ" ಎಂದು ಅದನ್ನು ನನ್ನ ಕೈಗಿಟ್ಟು ಹೊರಟೇಹೋದಳು.

ದೊಡ್ಡಪ್ಪ ನನ್ನ ಬೆನ್ನ ಮೇಲೆ ಕೈ ಇಟ್ಟರು. "ಆ ದೊಡ್ಡ ಕಾಗದದ ಬಾಜೂಕ ಇದನ್ನೂ ತೂಗುಹಾಕವಾ. ಅದು ನೀ ಕಲ್ತದ್ದಕ್ಕ, ಇದು ಮರತದ್ದಕ್ಕ."