ಗಡಿಯಾರದ ಪಕ್ಕದ ಕೆಂಪು

ಒಂದು ಕಂಪ್ಯೂಟರ್. ಅದರ ಪರದೆಯ ಕೆಳಗಿನ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ತೊಗರಿಕಾಳಿನಷ್ಟು ಒಂದು ಚಿತ್ರ. ಒಂದು ದಿನ ಅದು ಕೆಂಪಾಗಿತ್ತು. ಅದನ್ನು ನೋಡಿ ನಾನೊಂದು ಫೋನ್ ಮಾಡಿದೆ. ಹೊಳೆದಂಡೆಯ ಒಂದು ಓಣಿಗೆ ಓಣಿಯೇ ಗಂಟು ಕಟ್ಟಿ ಎದ್ದು ಹೋಯಿತು. ಯಾಕೆ ಕೆಂಪಾಗಿತ್ತು, ಹೇಳಿ ನೋಡೋಣ. ಹೊಳೆ ಬಂದಿತ್ತು ಅಂತೀರಿ. ಎಲ್ಲರೂ ಹಾಗೇ ಅನ್ನುತ್ತಾರೆ. ತಪ್ಪು. ಇನ್ನೊಮ್ಮೆ ವಿಚಾರ ಮಾಡುತ್ತಿರಿ, ಅಷ್ಟರಲ್ಲಿ ನಾನು ಹಿಂದಿನದಿಷ್ಟು ಹೇಳಿಬಿಡುತ್ತೇನೆ.

ನನ್ನ ಮನೆ ಆಳಂದ. ನೌಕರಿ ಮೊದಲು ಜೇವರ್ಗಿ ಕಡೆ, ಆಮೇಲೆ ಅಫಜಲಪುರದ ಕಡೆ. ಭೀಮಾ ಹೊಳೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡುವ ಒಂದು ಸಣ್ಣ ಆಫೀಸಿನಲ್ಲಿ ಕಾರಕೂನ. ಬಿ.ಎ. ಓದಿ ನೀರು ನೋಡುತ್ತ ಕೂತಿದ್ದಾನೆ ಎಂದು ಬೀಗರು ನಗುತ್ತಿದ್ದರು. ನಮ್ಮ ಆಫೀಸಿನ ಕಪಾಟು ತೆರೆದರೆ ಹೊಳೆಗೆ ಹೋದವರ ಹೆಸರುಗಳೇ. ಆದರೂ ಅಲ್ಲಿ ನಗು ಬರುವಂಥದ್ದು ಏನಾದರೊಂದು ಆಗುತ್ತಲೇ ಇತ್ತು. ಯಾಕೋ ಗೊತ್ತಿಲ್ಲ.

೧. ಮೂಲೆಯ ಬಡತನ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮಗೆ ಕಂಪ್ಯೂಟರ್ ಬಂತು. ಗುಲ್ಬರ್ಗಾದಿಂದ ಟೆಲಿಫೋನ್ ತಂತಿಯಲ್ಲಿ ನೀರಿನ ಮಟ್ಟ ತಾನಾಗಿಯೇ ಬರುವುದು, ಅದನ್ನು ನೋಡಿಕೊಂಡು ಮೂಲೆಯ ಚಿತ್ರ ಬಣ್ಣ ಬದಲಿಸುವುದು. ಹಸಿರಾದರೆ ನಿಶ್ಚಿಂತೆ. ಹಳದಿಯಾದರೆ ಎಚ್ಚರ. ಕೇಸರಿಯಾದರೆ ಗಂಟು ಕಟ್ಟಿಕೊಳ್ಳಿ. ಕೆಂಪಾದರೆ ಏಳಿ. ಬಣ್ಣ ನೋಡಿ ನಾನು ಹೊಳೆದಂಡೆಯ ಓಣಿಯ ಕಿರಾಣಿ ಅಂಗಡಿಯ ಚಾಚಾಗೆ ಫೋನ್ ಮಾಡಬೇಕು. ಆ ಓಣಿಯಲ್ಲಿ ಫೋನ್ ಇದ್ದದ್ದು ಅವರೊಬ್ಬರಲ್ಲೇ.

ಚಿತ್ರ ಬರೆದ ಇಂಜಿನಿಯರೇ ಅದನ್ನು ಕೂಡಿಸಲು ಬಂದರು. ಒಂದು ಮನೆ, ಮನೆಯ ಮುಂದೆ ನೀರು, ಮೇಲೆ ಮುಗಿಲು. ದೊಡ್ಡದಾಗಿ ತೋರಿಸಿದಾಗ ಗೋಡೆಯ ಕ್ಯಾಲೆಂಡರಿನಂತೆ ಹೊಳೆಯಿತು. ಮೂಲೆಗೆ ಹೋಗಿ ಕೂತದ್ದೇ ತಡ, ಯಾರೋ ಎಲೆಅಡಿಕೆ ಉಗುಳಿದಂತೆ ಆಯಿತು.

"ಏನ್ರೀ ಇದು?" ಎಂದರು ನಮ್ಮ ಸಾಹೇಬರು.

"ಸರ್, ನಡುವಿನ ಪರದೆಯಲ್ಲಿ ಸಾವಿರಾರು ಬಣ್ಣ ಬರುತ್ತವೆ. ಆ ಮೂಲೆಗೆ ಮಾತ್ರ ಹದಿನಾರೇ."

"ಒಂದೇ ಮಷೀನು, ಒಂದೇ ಗಾಜು. ಮೂಲಿಗೆ ಅಷ್ಟೇ ಯಾಕ್ರಿ ಬಡತನ?"

ಚಹಾ ತಂದ ನಮ್ಮ ಚಪರಾಸಿ ಕಪ್ಪು ಇಡುತ್ತ ಅಂದ: "ಇರ್ಲಿ ಬಿಡ್ರಿ ಸಾಹೇಬ್ರ. ನಾವೂ ರಾಜ್ಯದ ಮೂಲ್ಯಾಗ ಇದ್ದೇವಿ. ನಮಗ ಹದಿನಾರರೆ ಎಲ್ಲಿ ಬಂದಾವು?"

೨. ಅಕ್ಕನ ಬಾಗಿಲು

ಈ ಚಪರಾಸಿ ಗೊಬ್ಬೂರಿನವನು. ಅವನ ಅಕ್ಕನನ್ನು ಕೊಟ್ಟದ್ದು ಆ ಹೊಳೆದಂಡೆಯ ಓಣಿಗೆ. ಓಣಿಯ ಕೊನೆಯ ಮನೆ, ಎಲ್ಲಕ್ಕಿಂತ ತಗ್ಗಿನದು. ಹಿಂದೊಮ್ಮೆ ಹೊಳೆ ಬಂದಾಗ ಅಕ್ಕನ ಗಂಡ ಎಮ್ಮೆ ಬಿಚ್ಚಲು ಹೋದ. ಎಮ್ಮೆ ಬಂತು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಂದಿನಿಂದ ಆಕೆ ಆ ಮನೆ ಬಿಟ್ಟು ಏಳಲು ಒಪ್ಪುತ್ತಿರಲಿಲ್ಲ.

"ಅವರು ಬಂದಾಗ ಬಾಗಲಕ್ಕ ಕೀಲಿ ಕಂಡ್ರ ತಿರುಗಿ ಹೋಗ್ತಾರ ಅಂತಾಳ್ರಿ," ಎಂದು ಚಪರಾಸಿ ನಮಗೆ ಹೇಳುತ್ತಿದ್ದ. "ಇದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಮನಿಗೆ ಬಂದಾಂವ ಅಲ್ರಿ ನಮ್ಮ ಮಾವ. ಸತ್ತ ಮ್ಯಾಲೆ ಬರ್ತಾನೇನ್ರಿ?"

ಕಾಡಿಬೇಡಿ ಅವನು ಅಕ್ಕನಿಂದ ಒಂದು ಮಾತು ತೆಗೆದುಕೊಂಡಿದ್ದ. ಮಷೀನು ಕೆಂಪಾಯಿತು ಅಂದರೆ ಮಾತ್ರ ಏಳುತ್ತೇನೆ, ಬೇರೆ ಯಾವ ಬಣ್ಣಕ್ಕೂ ಇಲ್ಲ. ಹಾಗಾಗಿ ಆಕೆಯ ಜೀವ ನನ್ನ ಕಣ್ಣಿನ ಮೇಲೆ ನಿಂತಿತು. ನನ್ನ ಕಣ್ಣಿಗೋ ಆಗಲೇ ದಪ್ಪ ಕನ್ನಡಕ.

ಮೊದಲ ಮಳೆಗಾಲದಲ್ಲಿ ಚಿತ್ರ ಬಣ್ಣ ಬದಲಿಸಿತು. ಮೂವರೂ ಬಗ್ಗಿ ನೋಡಿದೆವು. ಸಾಹೇಬರು ಕೇಸರಿ ಎಂದರು. ನಾನು ಕೆಂಪು ಎಂದೆ. "ಅರಿಷಿಣ ಕಾಮಣಿ ಆದವರ ಕಣ್ಣಿನಂಗ ಅದ ನೋಡ್ರಿ," ಎಂದ ಚಪರಾಸಿ. ಯಾಕೆ ಬೇಕು ರಗಳೆ ಎಂದು ಕೆಂಪು ಅಂತಲೇ ಫೋನ್ ಮಾಡಿದೆ. ಓಣಿ ಎದ್ದಿತು, ಅಕ್ಕನೂ ಎದ್ದಳು. ನೀರು ಬಟ್ಟೆ ಒಗೆಯುವ ಕಲ್ಲಿನ ತನಕ ಬಂದು ತಿರುಗಿ ಹೋಯಿತು. ಕೇಸರಿಯೇ ಇತ್ತಂತೆ. ಹದಿನೈದು ದಿನಕ್ಕೆ ಮತ್ತೆ ಅದೇ ಆಟ.

ಆಮೇಲೆ ಚಾಚಾ ಫೋನ್ ಮಾಡಿದರು. "ಕಾರಕೂನಸಾಬ್, ಕೊನಿ ಮನಿ ಅಕ್ಕ ಹೇಳಿ ಕಳಿಸ್ಯಾಳ. ಇನ್ನೊಂದು ಸಲ ಸುಳ್ಳು ಕೆಂಪು ಅಂದ್ರ ನಾ ಏಳಂಗಿಲ್ಲ ಅಂತ. ಆಕಿ ಗಂಡ ಸೈತ ಇಷ್ಟು ಸುಳ್ಳು ಹೇಳಿದ್ದಿಲ್ಲಂತ."

೩. ಅರವತ್ತೈದು ಸಾವಿರ

ಚಪರಾಸಿ ಎರಡು ದಿನ ಊಟ ಬಿಟ್ಟ. ಸಾಹೇಬರು ಇಂಜಿನಿಯರನ್ನು ಮತ್ತೆ ಕರೆಸಿದರು. ಅವರು ಅರ್ಧ ದಿನ ಏನೇನೋ ಒತ್ತಿ ಎದ್ದು ನಿಂತರು. "ಇಷ್ಟು ದಿನ ದೊಡ್ಡ ಚಿತ್ರವನ್ನೇ ಕುಗ್ಗಿಸಿ ಹಾಕುತ್ತಿತ್ತು ಸರ್. ಈಗ ಮೂಲೆಗೆಂದೇ ಬೇರೆ ಸಣ್ಣ ಚಿತ್ರ ಮಾಡಿದ್ದೇನೆ, ಪೂರಾ ಬಣ್ಣದ್ದು."

"ಈಗ ಎಷ್ಟು ಬಣ್ಣ?"

"ಅರವತ್ತೈದು ಸಾವಿರ, ಸರ್."

"ಓಣ್ಯಾಗ ಮಂದಿ ಇನ್ನೂರರ ಮ್ಯಾಲಿಲ್ರಿ," ಎಂದ ಚಪರಾಸಿ. "ತಲಿಗೆ ಮುನ್ನೂರು ಬಣ್ಣ ಬರ್ತಾವ."

ಚಿತ್ರ ಚಂದವೇ ಇತ್ತು. ಆದರೆ ಈಗ ಕೇಸರಿ ಎಷ್ಟು ಮೆಲ್ಲಗೆ ಕೆಂಪಿಗೆ ಸರಿಯುತ್ತಿತ್ತು ಎಂದರೆ, ಎಲ್ಲಿ ಅದು ಮುಗಿಯಿತು, ಎಲ್ಲಿ ಇದು ಶುರುವಾಯಿತು ಎಂದು ಬರೆದವರಿಗೂ ಗೊತ್ತಾಗುತ್ತಿರಲಿಲ್ಲ. ಚಪರಾಸಿ ಸುಮ್ಮನೆ ಎದ್ದು ಹೋದ. ದೇವರ ಫೋಟೋದ ಮುಂದಿದ್ದ ಕುಂಕುಮದ ಪೊಟ್ಟಣ ತಂದು ಗಾಜಿನ ಪಕ್ಕ ಹಿಡಿದ.

"ಇದೇ ಬಣ್ಣ ಮಾಡ್ರಿ. ನಮ್ಮ ಅಕ್ಕ ಇದನ್ನ ಅಳಿಸ್ಕೊಂಡಾಕಿ. ಕುಂಕುಮದಂಗ ಅದ ಅಂದ್ರ ಆಕಿ ನಂಬ್ತಾಳ."

ಇಂಜಿನಿಯರ್ ಸಂಜೆಯ ತನಕ ಕೂತು, ಪೊಟ್ಟಣ ನೋಡುತ್ತ, ಪರದೆ ನೋಡುತ್ತ, ಅದೇ ಕೆಂಪನ್ನು ತಂದರು. ಕೆಂಪಾದಾಗ ಮನೆಯಿಲ್ಲ, ಮುಗಿಲಿಲ್ಲ, ಬರೀ ಕುಂಕುಮದ ಬೊಟ್ಟು. ಸಾಹೇಬರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ನಮಗ ಬೇಕಾದ ಒಂದು ಬಣ್ಣ ಸಿಕ್ತು. ಉಳಿದ ಅರವತ್ನಾಲ್ಕು ಸಾವಿರ ಚಿಲ್ಲರ ಗುಲ್ಬರ್ಗಾಕ್ಕ ವಾಪಸ್ ಒಯ್ರಿ."

೪. ಸಾಚಾ ಕೆಂಪು

ಆಮೇಲೆ ಸಾಹೇಬರು ಒಂದು ಕಟ್ಟಪ್ಪಣೆ ಮಾಡಿದರು. ಕೆಂಪು ಕಂಡರೆ ಲೆಕ್ಕ ತೆಗೆದು ನೋಡುತ್ತ ಕೂಡಬಾರದು, ಮೊದಲು ಫೋನ್.

ಆ ದಿನ ಆಫೀಸಿಗೆ ರಜೆ. ಮೇಲೆ ಮಹಾರಾಷ್ಟ್ರದಲ್ಲಿ ಮೂರು ದಿನದಿಂದ ಮಳೆ ಹಿಡಿದಿದ್ದರಿಂದ ನಮಗೆ ಮಾತ್ರ ಪಾಳಿ. ಬೆಳಗಿನ ಪಾಳಿ ಚಪರಾಸಿಯದು. ನಾನು ಉಂಡು ಮಧ್ಯಾಹ್ನ ಬಂದಾಗ ಅವನು ಸೈಕಲ್ಲಿಗೆ ಡಬ್ಬಿ ಕಟ್ಟಿಕೊಂಡು ಅಕ್ಕನ ಮನೆಗೆ ಹೋಗಿಯಾಗಿತ್ತು. ಕುರ್ಚಿ ಎಳೆದುಕೊಂಡು ಮೂಲೆ ನೋಡಿದೆ. ಕೆಂಪು. ಫೋನ್ ಎತ್ತಿದೆ.

"ಸಾಚಾ ಕೆಂಪೇನ್ರಿ?" ಎಂದರು ಚಾಚಾ.

"ಕುಂಕುಮದಂಗ ಅದ ಚಾಚಾ. ಆಕಿಗೆ ಹಂಗೇ ಹೇಳ್ರಿ."

ಹಾಗೇ ಹೇಳಿದರು. ಅಕ್ಕ ಎದ್ದಳು. ಕೀಲಿ ಮಾತ್ರ ಹಾಕಲಿಲ್ಲ, ಬಾಗಿಲು ತೆರೆದಿಟ್ಟೇ ಬಂದಳು. ಓಣಿಯೆಲ್ಲ ಏರಿನ ಮೇಲಿನ ಶಾಲೆಗೆ ಹತ್ತಿತು. ಒಂದು ತಾಸು ಕಳೆಯಿತು, ಎರಡು ತಾಸು ಕಳೆಯಿತು. ಮಂದಿ ನನಗೆ ಬೈಯಲು ಶುರು ಮಾಡಿದ್ದರಂತೆ. ಆಗ ಹೊಳೆ ಬಂತು. ಹೊತ್ತು ಮುಳುಗುವುದರೊಳಗೆ ಓಣಿಯ ಕೆಳಗಿನ ಒಂಬತ್ತು ಮನೆ ಇರಲಿಲ್ಲ. ಮನುಷ್ಯರು ಎಲ್ಲರೂ ಇದ್ದರು.

ಅಕ್ಕ ಶಾಲೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳಂತೆ. ಅವಳ ಮನೆಯ ಬಾಗಿಲು ಕಿತ್ತುಕೊಂಡು, ಚೌಕಟ್ಟು ಸಮೇತ ನೀರಿನಲ್ಲಿ ತೇಲಿ ಹೊರಟಿತು. ಚಪರಾಸಿ ಆಕೆಯ ಹೆಗಲು ಹಿಡಿದುಕೊಂಡ, ಎಲ್ಲಿ ಬೀಳುತ್ತಾಳೋ ಎಂದು.

"ಬಿಡು ತಮ್ಮಾ," ಎಂದಳಂತೆ. "ಇಷ್ಟು ವರ್ಷ ಬಾಗಲಾ ತಗದು ಅವರ ಹಾದಿ ನೋಡಿದ್ದಾತು. ಈಗ ಬಾಗಲಾನ ಅವರನ್ನ ಹುಡುಕ್ಕೊಂತ ಹೊಂಟದ."

ಅಳುತ್ತ ನಿಂತವರೆಲ್ಲ ನಕ್ಕರಂತೆ.

ಮರುದಿನ ಬೆಳಿಗ್ಗೆ ಸಾಹೇಬರು ಹೂವಿನ ಹಾರ ಹಿಡಿದುಕೊಂಡೇ ಬಂದರು, ಮಷೀನಿಗೆ ಹಾಕಲು. ಹಾಕುವ ಮೊದಲು ಗಾಜು ಒರೆಸಿದರು. ಕೆಂಪು ಅವರ ಕರವಸ್ತ್ರಕ್ಕೆ ಬಂತು. ಅದರ ಕೆಳಗೆ ಚಿತ್ರವಿತ್ತು. ಹಸಿರು. ಗುಲ್ಬರ್ಗಾದ ತಂತಿ ಹಿಂದಿನ ದಿನ ನಸುಕಿಗೇ ಕಡಿದುಹೋಗಿತ್ತು. ಮಷೀನಿಗೆ ಹೊಳೆಯ ಸುದ್ದಿಯೇ ಗೊತ್ತಿರಲಿಲ್ಲ.

ಸಾಹೇಬರು ಕರವಸ್ತ್ರವನ್ನು ಚಪರಾಸಿಯ ಮುಂದೆ ಹಿಡಿದರು.

"ಮಷೀನಿನ ಹಣಿ ಮ್ಯಾಲ ಕುಂಕುಮ ಇಟ್ರ ಕಾರಕೂನಸಾಬ್ರ ಅಕ್ಷರ ಮುಚ್ಚತಾವ ಅಂತ ಮೂಲಿಗೆ ಇಟ್ಟೇನಿರಿ," ಎಂದ ಚಪರಾಸಿ. "ಫೋನಿಗೂ ಇಟ್ಟೇನಿ, ಟೈಪ್‌ರೈಟರಿಗೂ ಇಟ್ಟೇನಿ. ಇದೊಂದಕ್ಕ ಬಿಟ್ರ ಮುನಿಸಿಕೊಳ್ಳಂಗಿಲ್ಲೇನ್ರಿ?"

ಸಾಹೇಬರು ಕರವಸ್ತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಹಾರ ಕೈಯಲ್ಲಿತ್ತು, ತುಸು ಹೊತ್ತು ವಿಚಾರ ಮಾಡಿ ಚಪರಾಸಿಯ ಕೊರಳಿಗೆ ಹಾಕಿದರು. ನನ್ನ ಕಡೆ ತಿರುಗಿದರು.

"ವರದಿ ಬರೀರಿ. ಮೂಲೆಯಲ್ಲಿ ಕೆಂಪು ಕಂಡುಬಂದ ಕೂಡಲೇ ಓಣಿಯನ್ನು ತೆರವು ಮಾಡಲಾಯಿತು. ಸುಳ್ಳೇನ್ರಿ?"

"ಅಲ್ರಿ ಸಾಹೇಬ್ರ."

"ತಾರೀಖು ಅಷ್ಟೇ ಹಾಕ್ರಿ. ಹಬ್ಬದ ಹೆಸರು ಬರೀಬ್ಯಾಡ್ರಿ."

ಬರೆಯಲಿಲ್ಲ. ಈಗ ನಿವೃತ್ತನಾಗಿದ್ದೇನೆ, ನನಗೆ ನೋಟಿಸು ಕೊಡುವವರು ಯಾರೂ ಇಲ್ಲ, ಬರೆಯುತ್ತೇನೆ. ಅವತ್ತು ಗುರುವಾರ, ಮಹಾನವಮಿ, ಆಯುಧ ಪೂಜೆಯ ದಿನ.