ಗಂಟಣ್ಣನ ಸೋಮವಾರದ ಸಾವು

ಅಜ್ಜಿಯಂದಿರು ಹೇಳುವ ಕಾಲದಲ್ಲಿ, ಅಂದರೆ ಯಾರೂ ಲೆಕ್ಕ ಹಾಕಿ ನೋಡದ ಕಾಲದಲ್ಲಿ, ಒಬ್ಬ ರಾಜನಿದ್ದ. ಅವನ ಅಡುಗೆಮನೆಗೆ ಒಬ್ಬನೇ ಅಡುಗೆಯವನು. ತರಕಾರಿ ಹೆಚ್ಚುವವನೂ ಅವನೇ, ಒಲೆ ಊದುವವನೂ ಅವನೇ, ಉಪ್ಪು ಹೆಚ್ಚಾಯಿತೆಂದು ಬೈಸಿಕೊಳ್ಳುವವನೂ ಅವನೇ. ಒಂದು ದಿನ ಮಂತ್ರಿ ಬಂದು, "ಪ್ರಭೂ, ನಾಳೆ ಇವನಿಗೆ ಜ್ವರ ಬಂದರೆ ತಮಗೆ ಉಪವಾಸ" ಎಂದು ಕಿವಿಯೂದಿದ. ಅಡುಗೆಮನೆಯ ತುಂಬ ಗೋಡೆಗಳು ಎದ್ದವು, ಗೋಡೆಗೊಂದು ಕಿಂಡಿ ಬಂತು. ಒಂದು ಕಿಂಡಿಯಲ್ಲಿ ಕೇಳಿದರೆ ಹೆಚ್ಚಿದ ತರಕಾರಿ, ಇನ್ನೊಂದರಲ್ಲಿ ಬೆಂಕಿ, ಮತ್ತೊಂದರಲ್ಲಿ ಉಪ್ಪು. ಒಳಗೆ ಯಾರಿದ್ದಾರೆ, ಹೇಗೆ ಮಾಡುತ್ತಾರೆ ಎಂದು ಇಣುಕುವ ಹಾಗಿಲ್ಲ. ಕೇಳಬೇಕು, ತಗೊಳ್ಳಬೇಕು, ಹೋಗಬೇಕು. ಊಟ ಹೊತ್ತಿಗೆ ಸರಿಯಾಗಿ ಬರತೊಡಗಿತು. ಆಮೇಲೊಂದು ದಿನ ರಾಜನಿಗೆ ಹೊಟ್ಟೆ ಕೆಟ್ಟು, "ಇವತ್ತು ಊಟ ಬೇಡ" ಎಂದ. ಬೇಡ ಎನ್ನುವುದಕ್ಕೆ ಕಿಂಡಿಯೇ ಇರಲಿಲ್ಲ. ಊಟ ಬಂತು. ಬರುತ್ತಲೇ ಇತ್ತು.

ಆ ರಾಜ ಉಳಿದನೋ ಇಲ್ಲವೋ ಕತೆಗೆ ತಿಳಿಯದು. ಕತೆ ಅರಮನೆಯ ಮೆಟ್ಟಿಲಿಳಿದು ಒಂದು ಕಚೇರಿಗೆ ಬಂದು ಕೂತಿತು.

ಅದು ಅಂತ್ಯಸಂಸ್ಕಾರ ಮಾಡಿಸಿಕೊಡುವ ಕಂಪನಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಒಂದು ಫೋನು ಮಾಡಿದರೆ ಸಾಕು. ವ್ಯಾನು, ಹೂಹಾರ, ನೆಂಟರಿಷ್ಟರಿಗೆ ಮೆಸೇಜು, ಮಣ್ಣಿನಲ್ಲಿ ಜಾಗ, ಹೀಗೆ ಅಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಕಂಪನಿಯದು. ಇಷ್ಟನ್ನೂ ನಡೆಸುತ್ತಿದ್ದದ್ದು ಕಂಪ್ಯೂಟರಿನಲ್ಲಿದ್ದ ಒಂದೇ ಒಂದು ಹಳೆಯ ಪ್ರೋಗ್ರಾಮು. ಬೆಕ್ಕು ಆಡಿ ಬಿಟ್ಟ ನೂಲಿನುಂಡೆಯಂಥದ್ದು. ಒಂದೆಳೆ ಎಳೆದರೆ ಇನ್ನೆಲ್ಲೋ ಬಿಗಿಯುತ್ತಿತ್ತು; ಹೂವಿನ ದರ ತಿದ್ದಿದರೆ ವ್ಯಾನು ದಾರಿ ತಪ್ಪುತ್ತಿತ್ತು. ಅದರ ಎಳೆಗಳ ಗುಟ್ಟು ಬಲ್ಲವನು ಒಬ್ಬನೇ. ಅದಕ್ಕೇ ಅವನಿಗೆ ಗಂಟಣ್ಣ ಎಂದು ಹೆಸರು ಬಿದ್ದಿತ್ತು. ಅವನ ಸ್ವಂತ ಹೆಸರು ನೆನಪಿಸಿಕೊಳ್ಳಲು ಹೆಂಡತಿಗೂ ಒಂದು ಗಳಿಗೆ ಹಿಡಿಯುತ್ತಿತ್ತು.

ಗಂಟಣ್ಣ ಪ್ರತಿ ಸೋಮವಾರ ಬೆಳಗ್ಗೆ ಸಾಯುತ್ತಿದ್ದ. ಮಿಷನ್ ಸರಿಯಿದೆಯೇ ಎಂದು ನೋಡಲು ಯಾರದಾದರೂ ಸಾವನ್ನು ಅದಕ್ಕೆ ಉಣ್ಣಿಸಬೇಕಲ್ಲ? ಬೇರೆಯವರ ಹೆಸರು ಹಾಕಿದರೆ ಅಪಶಕುನವೆಂದು ಜಗಳಕ್ಕೆ ಬರುತ್ತಿದ್ದರು. ಆದ್ದರಿಂದ ತನ್ನದೇ ಹೆಸರು, ತನ್ನದೇ ವಿಳಾಸ. ಸಾವಿಗೆ ಕಾರಣ ಎಂಬಲ್ಲಿ 'ಸೋಮವಾರ' ಎಂದು ಬರೆಯುತ್ತಿದ್ದ. ಅವನ ಹೆಸರು ಕಂಡ ಕೂಡಲೇ ವ್ಯಾನಿನವನು ನಕ್ಕು ಬೀಡಿ ಹಚ್ಚುತ್ತಿದ್ದ, ಹೂವಿನವಳು ಚೀಟಿ ಹರಿದು ಎಸೆಯುತ್ತಿದ್ದಳು, ಮೆಸೇಜು ಕಳಿಸುವವನು ಅಳಿಸಿಬಿಡುತ್ತಿದ್ದ. 'ಗಂಟಣ್ಣ ಸತ್ತ, ಅಂದರೆ ಮಿಷನ್ ಬದುಕಿದೆ' ಎಂಬುದು ಕಚೇರಿಯ ಗಾದೆಯೇ ಆಗಿಹೋಗಿತ್ತು.

ಹೀಗಿರುವಾಗ ಒಬ್ಬರು ಮೇಡಂ ಬಂದರು. ಹಳೆಯ ಗಂಟನ್ನು ಬಿಡಿಸಿ ಹೊಸ ವ್ಯವಸ್ಥೆ ಕಟ್ಟಲು ಯಜಮಾನರೇ ಕರೆಸಿದ್ದು. ಬಂದ ದಿನವೇ ಗೋಡೆಯ ಮೇಲೆ ಚೌಕಗಳನ್ನು ಬರೆದು ಪಾಠ ಹೇಳಿದರು.

"ನೋಡಿ, ಒಂದು ಕೆಲಸಕ್ಕೆ ಒಂದು ಸೇವೆ. ವ್ಯಾನಿನ ಸೇವೆಗೆ ವ್ಯಾನು ಮಾತ್ರ ಗೊತ್ತು, ಹೂವಿನ ಸೇವೆಗೆ ಹೂವು ಮಾತ್ರ. ಒಂದು ಕಿಂಡಿ ಇನ್ನೊಂದು ಕಿಂಡೀನ ಕೇಳುತ್ತೆ, ಅದು ಕೊಡುತ್ತೆ. ಏನು ಕೇಳಬಹುದು, ಏನು ಕೊಡಬೇಕು ಅಂತ ಮೊದಲೇ ಕರಾರು. ಒಳಗಿನ ಮಾತು ಹೊರಗೆ ಬೇಡ. ನಾಳೆ ಹೂವಿನೋರನ್ನ ಬದಲಾಯಿಸಿದ್ರೂ ವ್ಯಾನಿಗೆ ಗೊತ್ತಾಗಲ್ಲ."

"ಗಂಡ ಹೆಂಡತಿ ಹೀಗಿದ್ರೆ ಸಂಸಾರ ಎಷ್ಟು ಚೆನ್ನಾಗಿರುತ್ತೆ!" ಎಂದ ವ್ಯಾನಿನವನು. ಅಂದಿನಿಂದ ಆಕೆ ಕಿಂಡಿ ಮೇಡಂ ಆದರು.

ಕಿಂಡಿಗಳೆಲ್ಲ ಸಿದ್ಧವಾದ ಮೇಲೆ ಯಜಮಾನರು ಗಂಟಣ್ಣನನ್ನು ಕರೆದರು. "ನೋಡಪ್ಪಾ, ಗಂಟು ಹೋಯ್ತು. ಇನ್ನು ನಿನ್ನ ಏನು ಮಾಡೋಣ? ಇವತ್ತು ಸಂಜೆಯೊಳಗೆ ಒಂದು ಸಾವು ಮೊದಲಿಂದ ಕೊನೆವರೆಗೆ, ಒಬ್ಬರ ಕೈಯೂ ತಾಗದೆ, ತಾನಾಗಿ ಮುಗಿಯೋದನ್ನ ತೋರಿಸು. ತೋರಿಸಿದ್ರೆ ಕಿಂಡಿಗಳಿಗೆಲ್ಲ ನೀನೇ ಮೇಲ್ವಿಚಾರಕ. ಆಗದಿದ್ರೆ ಮನೆ."

"ತೋರಿಸ್ತೀನಿ ಸಾರ್, ಮಾತು ಕೊಟ್ಟೆ" ಎಂದ ಗಂಟಣ್ಣ. ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

ಆದರೆ ಆ ಬೆಳಗ್ಗೆ ಊರಿನಲ್ಲಿ ಒಬ್ಬರೂ ಸಾಯಲಿಲ್ಲ. ಎಲ್ಲರೂ ಹಟಕ್ಕೆ ಬಿದ್ದವರಂತೆ ಉಸಿರಾಡುತ್ತಿದ್ದರು. "ಯಾರನ್ನಾದ್ರೂ ಹಾಕಪ್ಪ, ನಂಗೆ ದೀಪ ಹಸಿರಾದ್ರೆ ಸಾಕು" ಎಂದು ಹೇಳಿ ಯಜಮಾನರು ಮೇಲಿನ ಕೋಣೆಯ ದೊಡ್ಡ ಪರದೆಯ ಮುಂದೆ ಕೂತರು. ಅದರಲ್ಲಿ ಹೆಸರುಗಳಿರಲಿಲ್ಲ, ಕಿಂಡಿಗೊಂದರಂತೆ ಬರೀ ದೀಪಗಳು; ಕೆಲಸ ಮುಗಿದರೆ ಹಸಿರು. ದಿನ ಸೋಮವಾರ. ಗಂಟಣ್ಣನ ಬೆರಳುಗಳು ಅಭ್ಯಾಸಬಲದಿಂದ ತಾವೇ ಓಡಿದವು. ಹೆಸರು, ವಿಳಾಸ, ಕಾರಣ. ಒತ್ತಿದ.

ಅವನು ಕುರ್ಚಿ ಹಿಂದೆ ತಳ್ಳಿ ಮೈಮುರಿಯುವಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ನೀವು ಹೋಗ್ಬಿಟ್ರಂತೆ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ! 'ಸೋಮವಾರದಿಂದಾಗಿ ನಮ್ಮನ್ನಗಲಿದ ನಿಮ್ಮ ಪತಿಗೆ ಶಾಂತಿ ಸಿಗಲಿ' ಅಂತ ಮೆಸೇಜ್ ಬಂದಿದೆ. ನಮ್ಮಮ್ಮಂಗೂ ಹೋಗಿದೆ, ಎದುರುಮನೆಯೋರಿಗೂ ಹೋಗಿದೆ. ಅವರು ಆಗಲೇ ಕುರ್ಚಿ ತಂದು ಹಾಕಿದಾರೆ."

"ಅಯ್ಯೋ, ಸುಳ್ಳು ಅಂತ ಹೇಳೇ!"

"ಹೇಳ್ದೆ. 'ಪಾಪ, ಆಘಾತಕ್ಕೆ ಹಾಗಂತಾಳೆ' ಅಂದು ನನ್ನೇ ಹಿಡ್ಕೊಂಡು ಕೂರಿಸಿದ್ರು. ನೀವು ಫೋನ್ ಇಡಿ. ಸತ್ತೋರ ಜೊತೆ ಮಾತಾಡ್ತಿದೀನಿ ಅಂತ ಜನ ನೋಡ್ತಿದಾರೆ."

ಸಂತಾಪ ಹೋಗಿದೆ ಎಂದರೆ ವ್ಯಾನೂ ಹೊರಟಿರಬೇಕು. ಗಂಟಣ್ಣ ವ್ಯಾನಿನವನಿಗೆ ಫೋನು ಮಾಡಿದ.

"ಲೋ, ಎಲ್ಲಿದೀಯ?"

"ಒಂದು ಹೆಣ ಎತ್ಕೊಂಡು ಬರೋಕೆ ಹೊರಟಿದೀನಿ ಅಣ್ಣಾ."

"ಅದು ನಾನು ಕಣೋ! ಹೆಸರು ನೋಡ್ಲಿಲ್ವಾ?"

"ಈಗ ನಂಗೆ ಹೆಸರು ಬರಲ್ಲ. ವ್ಯಾನಿಗೆ ಹೆಸರು ಯಾಕೆ ಅಂದ್ರಲ್ಲ ಮೇಡಂ. ವಿಳಾಸ ಬರುತ್ತೆ, ತೂಕ ಬರುತ್ತೆ. ಅದಕ್ಕೇ ಅನ್ಕೋತಿದ್ದೆ, ಈ ದಾರಿ ಎಲ್ಲೋ ನೋಡಿದ ಹಾಗಿದೆಯಲ್ಲ ಅಂತ."

"ವಾಪಸ್ ತಿರುಗಿಸು!"

"ವಾಪಸ್ ಅನ್ನೋ ಬಟನ್ನೇ ಇಲ್ಲ. 'ಹತ್ತಿಸಿದೆ', 'ಇಳಿಸಿದೆ' ಎರಡೇ. ಖಾಲಿ ಬಂದ್ರೆ ನನ್ನ ದಿನದ ಕೂಲಿ ಹೋಗುತ್ತೆ."

ಗಂಟಣ್ಣ ಕಿಂಡಿ ಮೇಡಂ ಕೋಣೆಗೆ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿದ. "ಮೇಡಂ, ನನ್ನ ಸಾವು ರದ್ದು ಮಾಡಿ."

ಅವರು ಕನ್ನಡಕದ ಮೇಲಿಂದ ನೋಡಿದರು. "ರದ್ದು ಕರಾರಿನಲ್ಲಿಲ್ಲ. ಸತ್ತೋರು ವಾಪಸ್ ಬರ್ತಾರೆ ಅಂತ ಯಾವ ಗಿರಾಕೀನೂ ಕೇಳಿರಲಿಲ್ಲ."

"ಸೋಮವಾರ ನಾನು ಸುಳ್ಳು ಸುಳ್ಳೇ ಸಾಯ್ತೀನಿ ಅನ್ನೋದು ಎಲ್ಲರಿಗೂ ಗೊತ್ತಿತ್ತಲ್ಲ ಮೇಡಂ!"

"ಎಲ್ಲರಿಗೂ ಗೊತ್ತಿರೋದನ್ನ ಯಾರೂ ನಂಗೆ ಹೇಳಲ್ಲ" ಎಂದು ಮೇಡಂ ನಿಟ್ಟುಸಿರಿಟ್ಟರು. "ಬೇಕಾದ್ರೆ ಒಂದು ದಾರಿ ಇದೆ. ಒಳಗೆ ಕೈ ಹಾಕಿ ನಿಲ್ಲಿಸ್ತೀನಿ. ಆದ್ರೆ ಕೈ ತಾಗಿದ ತಕ್ಷಣ ಮೇಲೆ ದೀಪ ಕೆಂಪಾಗುತ್ತೆ. ನಿಲ್ಲಿಸ್ಲಾ?"

ಗಂಟಣ್ಣ ಮೇಲಕ್ಕೆ ನೋಡಿದ. ಛಾವಣಿಯಾಚೆಯಿಂದ ಯಜಮಾನರ ಧ್ವನಿ ಕೇಳಿಸಿತು: "ಹೂವು ಹಸಿರು! ಸಂತಾಪ ಹಸಿರು! ಭಲೇ!" ನಿಲ್ಲಿಸಿದರೆ ಕೆಲಸ ಹೋಗುತ್ತದೆ, ನಿಲ್ಲಿಸದಿದ್ದರೆ ಮಾನ. ಮಾನ ಆಮೇಲೆ ಹೇಗೋ ಒಗೆದು ಒಣಗಿಸಿಕೊಳ್ಳಬಹುದು ಎಂದುಕೊಂಡು, "ಬೇಡ ಮೇಡಂ, ಇರಲಿ" ಎಂದು ಹೇಳಿ ಮನೆಯ ಕಡೆ ಓಡಿದ.

ಮನೆಯ ಮುಂದೆ ಜನ ಸಾಲಾಗಿ ಕೂತಿದ್ದರು. ಹೂಹಾರ ಅವನಿಗಿಂತ ಮೊದಲೇ ಬಂದು ಬಾಗಿಲಿಗೆ ಒರಗಿತ್ತು. ಅವನ ಅತ್ತೆ ನಡುಮನೆಯಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದರು: "ಚಿನ್ನದಂಥಾ ಅಳಿಯ ಕಣ್ರೋ! ಒಂದು ದಿನ ಎದುರು ಮಾತಾಡಿದೋನಲ್ಲ!" ಮದುವೆಯಾದಂದಿನಿಂದ ಈ ಮಾತು ಕೇಳಿರದ ಗಂಟಣ್ಣ ಬಾಗಿಲಲ್ಲೇ ಕರಗಿ ನಿಂತುಬಿಟ್ಟ. ಅತ್ತೆ ತಲೆ ಎತ್ತಿದರು. ಅಳು ಅರ್ಧಕ್ಕೇ ನಿಂತಿತು.

"ಓ. ಇದೀರಾ" ಎಂದು ಮೂಗೊರೆಸಿಕೊಂಡು ಎದ್ದು ಒಳಗೆ ಹೋದರು.

ಎದುರುಮನೆಯಾಕೆಗೆ ಸಿಟ್ಟು ನೆತ್ತಿಗೇರಿತು. "ಏನ್ರೀ ಇದು? ನಾನು ಒಲೆ ಆರಿಸಿ ಬಂದಿದೀನಿ! ಇಷ್ಟು ಜನ ಕೆಲಸ ಬಿಟ್ಟು ಕೂತಿದಾರೆ! ಸಾಯೋಕೆ ಆಗದೋರು ಸತ್ತೆ ಅಂತ ಯಾಕೆ ಹೇಳಿ ಕಳಿಸ್ಬೇಕಿತ್ತು?"

"ತಪ್ಪಾಯ್ತು ಅಕ್ಕಾ" ಎಂದು ಗಂಟಣ್ಣ ಕೈಮುಗಿದ. ಬದುಕಿದ್ದಕ್ಕೆ ಯಾರಾದರೂ ಕ್ಷಮೆ ಕೇಳಿದ್ದನ್ನು ಆ ಬೀದಿ ಮೊದಲ ಬಾರಿ ನೋಡಿತು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ವ್ಯಾನಿನವನು ಇಳಿದು ತಲೆ ಕೆರೆದುಕೊಂಡ. "ಅಣ್ಣಾ, ಒಂದು ಉಪಾಯ ಇದೆ. ನೀನು ಹತ್ತಿ ಮಲ್ಕೋ, ನಾನು 'ಹತ್ತಿಸಿದೆ' ಒತ್ತುತೀನಿ. ಅಲ್ಲಿ ಹೋಗಿ ನೀನೇ ಇಳಿ, 'ಇಳಿಸಿದೆ' ಒತ್ತುತೀನಿ. ನನ್ನ ದಿನ ಉಳಿಯುತ್ತೆ, ನಿನ್ನ ಕೆಲಸ ಉಳಿಯುತ್ತೆ."

"ಕೂತ್ಕೊಂಡು ಬರಬಾರದಾ?"

"ತೂಕ ಮಲಗೋ ಹಲಗೆ ಮೇಲೇ ಬರ್ಬೇಕು ಅಣ್ಣಾ. ಅದೂ ಒಂದು ಕಿಂಡಿ."

ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಹೋಗಿ ಮುಗಿಸ್ಕೊಂಡು ಬನ್ನಿ. ಕೆಲಸ ಕಳ್ಕೊಂಡು ಮಾತ್ರ ಬರಬೇಡಿ."

ಗಂಟಣ್ಣ ಹಲಗೆಯ ಮೇಲೆ ಮಲಗಿದ. ತಂದ ಹೂಹಾರ ಹಾಳಾಗುವುದೇಕೆಂದು ಎದುರುಮನೆಯಾಕೆ ಅದನ್ನೆತ್ತಿ ಅವನ ಎದೆಯ ಮೇಲಿಟ್ಟಳು. ಬಾಗಿಲು ಮುಚ್ಚಿತು. ಹಲಗೆ ತಣ್ಣಗಿತ್ತು, ಎಷ್ಟೋ ಬೆನ್ನುಗಳು ಸವೆಸಿದ್ದರಿಂದ ನಡುವೆ ಸಣ್ಣ ತಗ್ಗು, ಅಳತೆ ತೆಗೆದು ಮಾಡಿಸಿದಂತೆ ಅವನಿಗೆ ಹೊಂದಿಕೊಂಡಿತು. ಇಷ್ಟು ವರ್ಷ ಇಷ್ಟು ಸಲ ಸತ್ತರೂ ಇಲ್ಲಿಂದ ಮೇಲಕ್ಕೆ ನೋಡಿದರೆ ಏನು ಕಾಣುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಏನೂ ಕಾಣುತ್ತಿರಲಿಲ್ಲ.

ಮಣ್ಣು ಮಾಡುವ ಜಾಗದಲ್ಲಿ ಗುಂಡಿ ತೋಡುವ ಮುದುಕ ಕಾಯುತ್ತಿದ್ದ. ನಡೆದು ಬಂದ ಹೆಣ ನೋಡಿ ಅವನಿಗೇನೂ ಅನ್ನಿಸಲಿಲ್ಲ, ವಯಸ್ಸಾಗಿತ್ತು. ಅವನ ಕೈಗೂ ಮೇಡಂ ಒಂದು ಫೋನು ಕೊಟ್ಟಿದ್ದರು.

"ಗುಂಡಿ ಮುಚ್ಚಿದ ಮೇಲೇ ಬಟನ್ ಒತ್ತಬೇಕಂತಪ್ಪ. ಸುಮ್ನೆ ಒತ್ತಿದ್ರೆ ಇದಕ್ಕೆ ಗೊತ್ತಾಗುತ್ತಂತೆ, ಫೋಟೋ ಕೇಳುತ್ತೆ" ಎಂದು ಸಲಿಕೆ ಮುಂದೆ ಚಾಚಿದ. "ತೋಡಿ ತೋಡಿ ನನ್ನ ಸೊಂಟ ಬಿದ್ದುಹೋಗಿದೆ. ನಿಂದೇ ಅಲ್ವಾ, ನೀನೇ ಮುಚ್ಚು."

ಗಂಟಣ್ಣ ಅಂಗಿಯ ತೋಳು ಮಡಚಿದ. ಮಣ್ಣು ಹಸಿಯಾಗಿತ್ತು, ಭಾರವಾಗಿತ್ತು. ಒಂದೊಂದೇ ಸಲಿಕೆ ಎತ್ತಿ ಹಾಕುತ್ತ ಹೋದ. ಖಾಲಿ ಗುಂಡಿ, ಆದರೂ ತುಂಬಲು ಬಹಳ ಹೊತ್ತು ಹಿಡಿಯಿತು. ಹೂಹಾರ ಮೇಲಿಟ್ಟು, ಬೆವರೊರೆಸಿಕೊಂಡು ಪಕ್ಕಕ್ಕೆ ಸರಿದ. ಮುದುಕ ಫೋಟೋ ತೆಗೆದು ಒತ್ತಿದ.

ಆ ಗಳಿಗೆಗೇ ಯಜಮಾನರಿಂದ ವ್ಯಾನಿನವನಿಗೆ ಫೋನು. "ಶಭಾಷ್! ಗುಂಡೀನೂ ಹಸಿರು! ಎಲ್ಲಯ್ಯಾ ಗಂಟಣ್ಣ? ಅವನ ಫೋನು ಸತ್ತಿದೆ."

ಅದು ಕಂಪನಿ ಕೊಟ್ಟ ಫೋನು; ಸತ್ತವನಿಗೇಕೆಂದು ಮಿಷನ್ ಅದರ ಸಂಪರ್ಕವನ್ನೂ ಕಡಿದಿತ್ತು. ಗಂಟಣ್ಣ ವ್ಯಾನಿನವನ ಕೈಯಿಂದ ಕಿತ್ತುಕೊಂಡ. "ಸಾರ್, ನಾನೇ! ಮಾತು ಉಳಿಸ್ಕೊಂಡೆ. ಇನ್ನು ಮೇಲ್ವಿಚಾರಕನ ಸೀಟು..."

"ನಾನೂ ಅದೇ ಹೇಳೋಣ ಅಂತಿದ್ದೆ ಕಣಪ್ಪ. ನೀನು ಸತ್ತ ಸುದ್ದಿ ಸಿಬ್ಬಂದಿ ಲೆಕ್ಕ ಇಡೋ ಕಿಂಡಿಗೂ ಹೋಗಿತ್ತಂತೆ. ಈ ಸೀಟಿಗೆ ಬೇರೆಯವರನ್ನ ತರಬೇಕಾ, ಇವತ್ತು ಇವನಿಂದ ಯಾರಿಗಾದ್ರೂ ಏನಾದ್ರೂ ಬೇಕಾಯ್ತಾ ಅಂತ ಅದು ಉಳಿದ ಕಿಂಡಿಗಳನ್ನೆಲ್ಲ ಕೇಳ್ತು. ವ್ಯಾನು ಇಲ್ಲ ಅಂತು, ಹೂವು ಇಲ್ಲ ಅಂತು, ಗುಂಡೀನೂ ಇಲ್ಲ ಅಂತು. ಹಾಗಾಗಿ ಅದು ಸೀಟನ್ನೇ ತೆಗೆದುಹಾಕ್ತು. ನೀನು ಬದುಕಿದೀಯ, ಸಂತೋಷ. ಆದ್ರೆ ನೀನಿಲ್ಲದೆ ಎಲ್ಲ ನಡೆಯುತ್ತೆ ಅಂತ ನೀನೇ ತೋರಿಸಿಕೊಟ್ಯಲ್ಲ."

"ಸಾರ್, ಬೆಳಗ್ಗಿಂದ ನಾನೇ..." ಎಂದು ಬಾಯಿ ತೆರೆದವನು ಅಲ್ಲಿಗೇ ತಡೆದ. ತಾನೇ ಮಲಗಿದೆ, ತಾನೇ ಇಳಿದೆ, ತಾನೇ ಮಣ್ಣು ಹಾಕಿದೆ ಎಂದರೆ ಕೈ ತಾಗಿತು ಎಂದಾಯಿತು. ಮಾತು ತಪ್ಪಿತು, ಕೆಲಸ ಹೋಯಿತು. ಹೇಳದಿದ್ದರೆ ಮಾತು ಉಳಿಯಿತು, ಕೆಲಸ ಹೋಯಿತು. ಅಂಗೈ ನೋಡಿಕೊಂಡ. ಬೊಬ್ಬೆ ಎದ್ದಿತ್ತು.

"ಒಂದೇ ದೀಪ ಬಾಕಿ" ಎಂದರು ಯಜಮಾನರು. "ಅದೂ ಆಗ್ಲಿ."

ವ್ಯಾನಿನವನ ಫೋನು ಕುಂಯ್‌ಗುಟ್ಟಿತು. ಕಚೇರಿಯಿಂದ ಒಂದು ಪೆಟ್ಟಿಗೆ ತಗೊಂಡು ಒಂದು ವಿಳಾಸಕ್ಕೆ ಮುಟ್ಟಿಸಬೇಕು. ಈ ಸಲ ಅವನಿಗೆ ದಾರಿಯ ಬಗ್ಗೆ ಅನುಮಾನ ಬರಲಿಲ್ಲ. ಇಬ್ಬರೂ ಹೊರಟರು. ಕಚೇರಿಯ ಬಾಗಿಲು ಗಂಟಣ್ಣನ ಕಾರ್ಡಿಗೆ ತೆರೆಯಲಿಲ್ಲ. ವ್ಯಾನಿನವನೇ ಒಳಹೋಗಿ ಪೆಟ್ಟಿಗೆ ತಂದ: ಒಂದು ಲೋಟ, ಒಂದು ಬಾಚಣಿಗೆ, ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು.

ಮನೆಯ ಮುಂದೆ ಕುರ್ಚಿಗಳೆಲ್ಲ ವಾಪಸು ಹೋಗಿದ್ದವು. ಪೆಟ್ಟಿಗೆ ಹಿಡಿದು ಬಂದ ಗಂಡನನ್ನು ಕಂಡು ಹೆಂಡತಿ ಹೊಸ್ತಿಲಲ್ಲೇ ನಿಂತಳು. ಪೆಟ್ಟಿಗೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

"ಅತ್ತಿಗೆ" ಎಂದು ವ್ಯಾನಿನವನು ನೆಲ ನೋಡುತ್ತ ಫೋನು ಚಾಚಿದ. "'ಮೃತರ ವಸ್ತು ಮನೆಯವರಿಗೆ ತಲುಪಿತು' ಅಂತ ಇದೆ. ಇಲ್ಲೊಂದು ಒತ್ತಿಬಿಡಿ."

"ಒತ್ತದಿದ್ರೆ?"

ವ್ಯಾನಿನವನು ಫೋನನ್ನು ಇನ್ನಷ್ಟು ಮುಂದೆ ಹಿಡಿದ.

"ಒತ್ತೇ" ಎಂದ ಗಂಟಣ್ಣ. "ಪಾಪ, ಅವನ ದಿನ ಹೋಗುತ್ತೆ."

ಅವಳು ಸೆರಗಿಗೆ ಬೆರಳೊರೆಸಿಕೊಂಡು ಒತ್ತಿದಳು. ಎಲ್ಲೋ ಮೇಲಿನ ಕೋಣೆಯ ಪರದೆಯ ಮೇಲೆ ಕೊನೆಯ ದೀಪವೂ ಹಸಿರಾಯಿತು. ಇನ್ನೂ ಸಂಜೆ ಪೂರ್ತಿ ಇಳಿದಿರಲಿಲ್ಲ. ಕೊಟ್ಟ ಮಾತಿನಂತೆ ಒಂದು ಸಾವು ಮೊದಲಿಂದ ಕೊನೆಯವರೆಗೆ, ಯಾರ ಕೈಯೂ ತಾಗದೆ, ಮುಗಿದಿತ್ತು.