ಮಾಮಿಯ ಕೆನ್ನೆ, ಮಾಮನ ಮೀಟರು

ನಮ್ಮ ವಂಶದಲ್ಲಿ ಯಾರಿಗೂ ಮೂಗಿಲ್ಲ! ನಂಬಿಕೆ ಬಾರದಿದ್ದರೆ ವೆಸ್ಟ್ ಮಾಂಬಲಂನಲ್ಲಿರುವ ನನ್ನ ಸೋದರಮಾವನ ಮನೆಗೆ ಹೋಗಿ, ಅವರು ತೆಗೆದ ಫೋಟೋಗಳನ್ನು ನೋಡಿ. ಲೈಟ್ ಹಾಕಿಕೊಂಡೇ ನೋಡಿ. ಈಗ ಆ ಮನೆಯಲ್ಲಿ ಕಿಟಕಿ ತೆಗೆಯುವವರಿಲ್ಲದೆ ಹಗಲಲ್ಲೂ ಮಬ್ಬು. ಅಜ್ಜಿ, ಅಮ್ಮ, ನಾನು, ಎಲ್ಲರೂ ಸುಣ್ಣ ಬಳಿದ ಗೋಡೆಗಳು. ಗೋಡೆಗೆ ಎರಡೆರಡು ಕಣ್ಣು. ನನ್ನ ಯಜಮಾನರಂತೂ ನಮ್ಮ ಮದುವೆಯ ಫೋಟೋದಲ್ಲಿ ಬರೀ ಮೀಸೆ. ಇಂಥ ಆಲ್ಬಮ್ ಇಟ್ಟುಕೊಂಡು ಸಂಸಾರ ಮಾಡುವ ನನ್ನ ಕಷ್ಟವನ್ನು ಯಾರಿಗೆ ಹೇಳಲಿ?

ಹಾಗಂತ ಮಾಮನಿಗೆ ಫೋಟೋ ತೆಗೆಯಲು ಬರುವುದಿಲ್ಲ ಅಂದೀರಿ, ಜೋಕೆ! ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದರೆ ಸಾಕು, ಬೆಳಕು ಅಳೆಯುವ ಮೀಟರಿಂಗ್ ಪಾಠ ಶುರು.

"ಕ್ಯಾಮೆರಾ ಶುದ್ಧ ಪೆದ್ದು ಕಣೇ. ಬಿಳೀ ವೇಷ್ಟಿ ಕಂಡ್ರೂ ಬೂದಿ ಬಣ್ಣ ಅನ್ನುತ್ತೆ, ಕರೀ ಎಮ್ಮೆ ಕಂಡ್ರೂ ಬೂದಿ ಬಣ್ಣ ಅನ್ನುತ್ತೆ. ಬೆಳಕನ್ನ ಎಲ್ಲಿ ಅಳೀಬೇಕು ಅಂತ ನಾವೇ ಹೇಳ್ಬೇಕು."

ಮೈಲಾಪೂರಿನ ಕೊಳ, ಗೋಪುರ ಎಲ್ಲ ಒಟ್ಟಿಗೆ ಬರಬೇಕಾದರೆ ಇಡೀ ಚೌಕಟ್ಟನ್ನು ನೋಡಿ ಲೆಕ್ಕ ಹಾಕುವ ಮೋಡ್. ನೆರಳಿನಲ್ಲಿ ಹೂ ಕಟ್ಟುವವಳು ಕೂತಿದ್ದರೆ ನಡುಭಾಗಕ್ಕೆ ಹೆಚ್ಚು ಮರ್ಯಾದೆ ಕೊಡುವ ಮೋಡ್. ಕತ್ತಲಲ್ಲಿ ದೀಪದೆದುರಿನ ಮುಖಕ್ಕೆ ಸ್ಪಾಟ್, ಅಂದರೆ ಸಾಸಿವೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವುದು. ಒಮ್ಮೆ ಸೂರ್ಯೋದಯ ತೆಗೆಯುತ್ತೇನೆಂದು ನನ್ನನ್ನು ಬೀಚಿಗೆ ಎಳೆದುಕೊಂಡು ಹೋದರು. ಮೂರರಲ್ಲಿ ಯಾವುದೆಂದು ತೀರ್ಮಾನವಾಗುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಟೀ ಮಾರುವವನೇ ಸಮಾಧಾನ ಹೇಳಿದ: "ಪರವಾಯಿಲ್ಲೆ ಸಾರ್, ನಾಳೈಕ್ಕುಂ ವರುಂ." ಸೂರ್ಯ ನಾಳೆಯೂ ಬರುತ್ತಾನಂತೆ!

ಇಷ್ಟೆಲ್ಲ ಬಲ್ಲವರು, ನಮ್ಮ ಮನೆಯವರು ಗುಂಪಾಗಿ ಎದುರಿಗೆ ನಿಂತರೆ ಮಾತ್ರ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಸ್ಪಾಟ್! ಅದೂ ಒಂದೇ ಜಾಗಕ್ಕೆ, ಅವರ ಹೆಂಡತಿಯ ಕೆನ್ನೆಗೆ! ಮಾಮಿ ಅಚ್ಚ ಕಪ್ಪು. ಆ ಕೆನ್ನೆಗೆ ಸಾಲುವಷ್ಟು ಬೆಳಕು ಬಿಟ್ಟರೆ ಪಕ್ಕದ ಬಿಳಿ ಮುಖಗಳಲ್ಲಿ ಮೂಗು ಉಳಿದೀತೇ? ಮಾಮಿಗೋ ಫೋಟೋ ಎಂದರೆ ಸಾಕು, ಎಲ್ಲರ ಹಿಂದೆ ಹೋಗಿ ಕಂಬಕ್ಕೆ ಒತ್ತಿಕೊಂಡು ನಿಲ್ಲುವ ಅಭ್ಯಾಸ.

ನನ್ನ ಮದುವೆಯಲ್ಲಿ ಶಾಸ್ತ್ರಿಗಳು ಮುಹೂರ್ತ ಮೀರುತ್ತದೆಂದು ಕೂಗುತ್ತಿದ್ದರೆ, ಮಾಮ ಬೀಗರನ್ನೆಲ್ಲ ಸರಿಸಿಕೊಂಡು ಮಂಟಪ ಹತ್ತಿ, ಕ್ಯಾಮೆರಾವನ್ನು ಮಾಮಿಯ ಕೆನ್ನೆಯ ಹತ್ತಿರ ಹಿಡಿದು ಅಳೆದರು. ಅಮ್ಮನಿಗೆ ರೇಗಿತು.

"ಲೋ, ಇದು ನನ್ನ ಮಗಳ ಮದುವೇನೋ, ನಿನ್ನ ಹೆಂಡ್ತೀದೋ?"

"ಸುಮ್ನಿರಕ್ಕಾ. ಅವಳು ಸರಿಯಾಗಿ ಬಂದ್ರೆ ಎಲ್ಲಾ ಸರಿ."

"ಮತ್ತೆ ನಾವು?"

"ನಿಮ್ಮನ್ನ ದಿನಾ ಎಲ್ಲರೂ ನೋಡ್ತಾರಲ್ಲ!"

ಮಾಮಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಪೋದುಂ ರೀ, ಸಾಕು, ಎಲ್ಲರೂ ನೋಡ್ತಿದಾರೆ" ಎಂದರು. ಆದರೆ ಕೆನ್ನೆಯನ್ನು ಮಾತ್ರ ಆಚೆ ತಿರುಗಿಸಲಿಲ್ಲ.

ಹೋದ ವರ್ಷ ಮಾಮಿ ಕಾಯಿಲೆ ಬಿದ್ದು ಕೀಲ್ಪಾಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹದಿಮೂರನೆಯ ದಿನಕ್ಕೆ ಹಾರ ಹಾಕಲು ಒಂದು ಫೋಟೋ ಬೇಕಿತ್ತು. ಅಮ್ಮ, ನಾನು ಆಲ್ಬಮ್ ಹರಡಿಕೊಂಡು ಕೂತೆವು. ಪುಟಪುಟದಲ್ಲೂ ಮೂಗಿಲ್ಲದ ನಾವು. ನಮ್ಮ ಹಿಂದೆ, ಕಂಬದ ಪಕ್ಕ, ಮೂಗುಬೊಟ್ಟು, ಗಲ್ಲದ ಮೇಲಿನ ಮಚ್ಚೆ, ತಡೆದು ಹಿಡಿದ ನಗು, ಎಲ್ಲದರ ಸಮೇತ ಮಾಮಿ. ಎಷ್ಟು ಚೆಲುವೆ! ಯಾವುದನ್ನು ಆರಿಸುವುದೆಂದೇ ತಿಳಿಯಲಿಲ್ಲ.

ಎಲ್ಲಕ್ಕಿಂತ ತಳದಲ್ಲಿ ಅವರ ಮದುವೆಯ ಫೋಟೋ ಸಿಕ್ಕಿತು, ಯಾವುದೋ ಸ್ಟುಡಿಯೋದವನು ತೆಗೆದದ್ದು. ಮಾಮ ಬೆಳ್ಳಗೆ ಹೊಳೆಯುತ್ತಿದ್ದಾರೆ. ಪಕ್ಕದಲ್ಲಿ ಸೀರೆ ಇದೆ, ಒಡವೆ ಇದೆ, ಹೂವಿದೆ. ಮುಖವಿರಬೇಕಾದಲ್ಲಿ ಬರೀ ಕತ್ತಲು.

"ಇದು ಬಂದ ದಿನ ಮನೇಲಿ ನಕ್ಕಿದ್ದೇ ನಕ್ಕಿದ್ದು" ಎಂದರು ಅಮ್ಮ. "'ಕರೆಂಟ್ ಹೋಗಿತ್ತಾ?' ಅಂತ ನಾನೇ ಕೇಳ್ದೆ. ಅವಳು ಎದ್ದು ಅಡಿಗೆಮನೆಗೆ ಹೋದ್ಲು. ಇವನು ಕ್ಯಾಮೆರಾ ಹಿಡಿದಿದ್ದು ಆಮೇಲೆ ಕಣೇ."

ಮೊನ್ನೆ ನನ್ನ ಮಗನ ಹುಟ್ಟುಹಬ್ಬಕ್ಕೆ ಮಾಮ ಬಂದರು. ಊರೆಲ್ಲ ಡಿಜಿಟಲ್ ಆಗಿದ್ದರೂ ಅವರದು ಅದೇ ರೋಲಿನ ಕ್ಯಾಮೆರಾ. ನಾವು ಸಾಲಾಗಿ ನಿಂತೆವು. ಮಾಮ ಯಾರ ಹತ್ತಿರವೂ ಬರಲಿಲ್ಲ; ಬಾಗಿಲಲ್ಲೇ ನಿಂತು ಒತ್ತಿಬಿಟ್ಟರು.

"ಅಳೀಲೇ ಇಲ್ವಲ್ಲ ಮಾಮಾ?"

"ಇಡೀ ಚೌಕಟ್ಟು ನೋಡೋ ಮೋಡ್ ಹಾಕಿದೀನಮ್ಮಾ. ಪೆದ್ದು, ಅದೇ ಏನೋ ಲೆಕ್ಕ ಹಾಕ್ಕೊಳ್ಳುತ್ತೆ ಬಿಡು."

ರೋಲು ತೊಳೆದು ಬಂತು. ನಮ್ಮ ವಂಶದಲ್ಲಿ ಎಲ್ಲರಿಗೂ ಮೂಗಿದೆ! ಯಜಮಾನರದು ಸ್ವಲ್ಪ ಉದ್ದವೇ. ಅಮ್ಮ ಫೋಟೋವನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲರೂ ಎಷ್ಟು ಚೆನ್ನಾಗಿ ಬಂದಿದೀವಲ್ಲೇ" ಎಂದು ಅಳತೊಡಗಿದರು.